ಕೊಸರಿಗೆ ಹೋದ ಕೈ

ನನ್ನ ಮೇಜಿನ ಮೇಲೆ ಒಂದು ಹಿತ್ತಾಳೆ ಪತಂಗ ಕೂತಿದೆ. ಅದಕ್ಕೆ ನಾನು ತೆತ್ತ ಬೆಲೆ ನನ್ನ ಎರಡು ಕೈ. ಗಾಬರಿಯಾಗಬೇಡಿ. ಇದನ್ನು ಬರೆಯುತ್ತಿರುವುದೂ ಆ ಕೈಯೇ. ಮೊಣಕೈಯಿಂದ ಉಗುರಿನ ತುದಿಯವರೆಗೆ ಎಲ್ಲವೂ ಇದ್ದ ಹಾಗೇ ಇದೆ, ಕಾಫಿ ಲೋಟ ಹಿಡಿಯುತ್ತದೆ, ಬೆನ್ನು ತುರಿಸುತ್ತದೆ. ಆದರೂ ಕೊಟ್ಟದ್ದು ಕೊಟ್ಟದ್ದೇ. ಯಾಕೆ ಕೊಟ್ಟೆ ಎಂದರೆ, ಅದಕ್ಕೂ ಮೊದಲು ನನ್ನದಲ್ಲದ ಇನ್ನೊಂದು ಜೊತೆ ಕೈಯನ್ನು ಕೊಸರಿಗೆ ಕೊಟ್ಟುಬಿಟ್ಟಿದ್ದೆ. ಅದನ್ನು ಬಿಡಿಸಿಕೊಂಡು ಬರಲು ಬೇರೆ ದಾರಿ ಇರಲಿಲ್ಲ.

ಇಷ್ಟು ಕೇಳಿ ನನ್ನನ್ನು ಪೆದ್ದ ಎಂದುಕೊಂಡರೆ ಕೊಳ್ಳೇಗಾಲದ ಪೇಟೆಯಲ್ಲಿ ಯಾರನ್ನಾದರೂ ವಿಚಾರಿಸಿ. ನನ್ನ ಹತ್ತಿರ ಲಾಭ ಮಾಡಿಕೊಂಡು ಹೋದೆ ಎನ್ನುವವನು ಈ ಊರಲ್ಲಿ ಸಿಗುವುದಿಲ್ಲ. ಸಿಕ್ಕರೂ ಬಾಯಿ ಬಿಡುವುದಿಲ್ಲ. ನಾಳೆ ಮತ್ತೆ ನನ್ನ ಹತ್ತಿರವೇ ಬರಬೇಕಲ್ಲ!

ಕೊಸರು ಎಂದರೆ ಏನೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನನ್ನವ್ವ ಧನಗೆರೆಯಿಂದ ನಡೆದುಕೊಂಡೇ ಕೊಳ್ಳೇಗಾಲದ ಸಂತೆಗೆ ಬರುತ್ತಿದ್ದಳು. ಬದನೆಕಾಯಿಗೆ ಚೌಕಾಸಿ ಮಾಡಿ, ತೂಗಿಸಿ, ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಟ್ಟು, ಗಂಟು ಮತ್ತೆ ಕಟ್ಟಿದ ಮೇಲೂ ಅವಳ ಎಡಗೈ ಮಾತ್ರ ರಾಶಿಯ ಮೇಲೆಯೇ ಇರುತ್ತಿತ್ತು. ಅಂಗಡಿಯವನು ಆ ಕೈಯನ್ನೇ ನೋಡುತ್ತ ಕೂರುತ್ತಿದ್ದ. ಕೊನೆಗೆ ಸೋತು ಒಂದು ಬದನೆಕಾಯಿಯೋ ಒಂದು ಕಡ್ಡಿ ಕರಿಬೇವೋ ಎತ್ತಿ ಹಾಕುತ್ತಿದ್ದ. ಅವ್ವ ನನಗೆ ಕಲಿಸಿದ ಮೊದಲ ಪಾಠ ಇದು: "ಕೊಸ್ರುನ ತೂಗ್ಬಾರ್ದು ಕಣ್ಲಾ ಮಗ. ಕೊಡೋನೂ ತೂಗ್ಬಾರ್ದು, ಈಸ್ಕೊಳೋನೂ ತೂಗ್ಬಾರ್ದು." ನಾನು ಅದನ್ನು ಹಾಗೇ ನಂಬಿದೆ. ಅದರಲ್ಲಿ ಒಂದು ಹಳ್ಳವಿದೆ ಎಂದು ತಿಳಿಯಲು ಕೂದಲು ಬೆಳ್ಳಗಾಗಬೇಕಾಯಿತು.

ಎರಡನೆಯ ಪಾಠ ಅಪ್ಪನದು. ನಮ್ಮ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದೆವು. ಹುಳುಗಳಿಗೆ ಒಳಮನೆ, ನಮಗೆ ಜಗಲಿ. ಗೂಡು ಕಟ್ಟಿದ ಮೇಲೆ ಅಪ್ಪ ಅವನ್ನು ಚೀಲಕ್ಕೆ ತುಂಬಿ ನನ್ನನ್ನೂ ಕರೆದುಕೊಂಡು ಮಾರಲು ಹೋಗುತ್ತಿದ್ದ. ಆಗ ಬೆಲೆಯನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಕೊಳ್ಳುವವನು, ಮಾರುವವನು ಕೈ ಕೈ ಹಿಡಿದು ಮೇಲೊಂದು ಟವೆಲು ಹೊದಿಸುತ್ತಿದ್ದರು. ಟವೆಲಿನ ಕೆಳಗೆ ಎರಡು ಬೆರಳು ಹಿಡಿದರೆ ಎರಡು, ಮೂರು ಹಿಡಿದರೆ ಮೂರು. ಬೇಡವೆಂದರೆ ಕೊಡವಬೇಕು. ಐದೂ ಬೆರಳನ್ನು ಒಟ್ಟಿಗೆ ಹಿಡಿದುಬಿಟ್ಟರೆ ಮಾತ್ರ ಮಾರುವವನು ಕೊಡವುವಂತಿಲ್ಲ, ವ್ಯಾಪಾರ ಮುಗಿದ ಹಾಗೆ. ಇಬ್ಬರ ಮುಖಗಳೂ ಬೇರೆ ಬೇರೆ ದಿಕ್ಕಿಗೆ, ಒಂದು ಬೇವಿನ ಮರದ ಕಡೆ, ಇನ್ನೊಂದು ರಸ್ತೆಯ ಕಡೆ. ಮುಖದಲ್ಲಿ ಏನೂ ಇರುತ್ತಿರಲಿಲ್ಲ. ಟವೆಲಿನ ಕೆಳಗೆ ಮಾತ್ರ ಏನೋ ಹೊರಳಾಡುತ್ತಿತ್ತು, ಚೀಲಕ್ಕೆ ಹಾಕಿ ಕಟ್ಟಿದ ಬೆಕ್ಕಿನ ಮರಿಯ ಹಾಗೆ. ನನಗೆ ಅದನ್ನು ಕಂಡರೆ ಹೆದರಿಕೆ. ಅಪ್ಪನ ಮುಖ ಅಪ್ಪನದೇ, ಆದರೆ ಆ ಕೈ ಯಾರದೋ ಎನ್ನಿಸುತ್ತಿತ್ತು.

ಹೆದರಿಕೊಂಡೇ ಕಲಿತೆ. ಕಲಿತು ದಲ್ಲಾಳಿಯಾದೆ. ಪಾಲಾರ್ ಆಚೆಯಿಂದ ಬರುತ್ತಿದ್ದ ತಮಿಳು ವ್ಯಾಪಾರಿಗಳಿಗೆ ನನ್ನ ಕನ್ನಡ ಅರ್ಥವಾಗುತ್ತಿರಲಿಲ್ಲ, ನನಗೆ ಅವರ ತಮಿಳು ಅರೆಬರೆ. ಬೆರಳಿಗೆ ಭಾಷೆ ಯಾಕೆ? ಟವೆಲಿನ ಕೆಳಗೆ ದುಡಿದು ದುಡಿದು ಕೊಳ್ಳೇಗಾಲದಲ್ಲಿ ಒಂದು ನೂಲು ಬಿಚ್ಚುವ ಫ್ಯಾಕ್ಟರಿಯನ್ನೇ ಹಾಕಿದೆ. ಸೌದೆಯ ಬಾಯ್ಲರು, ಗೋಡೆಯುದ್ದಕ್ಕೂ ಉಗಿಯ ಪೈಪು, ಸಾಲಾಗಿ ಬೇಸಿನ್ನುಗಳು, ಒಂದೊಂದು ಬೇಸಿನ್ನಿನ ಮುಂದೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಒಬ್ಬಳು ಹೆಂಗಸು. ಕಾದ ನೀರಲ್ಲಿ ಕುಣಿಯುವ ಗೂಡಿನಿಂದ ಎಳೆಯ ತುದಿ ಹುಡುಕಿ, ನಾಲ್ಕಾರು ಎಳೆ ಕೂಡಿಸಿ, ಮೇಲೆ ತಿರುಗುವ ರಾಟೆಗೆ ಎಸೆಯುವುದು ಅವರ ಕೆಲಸ. ಗೂಡಿನೊಳಗಿನ ಹುಳು ಬೆಂದ ವಾಸನೆ ನನ್ನ ಅಂಗಿಗೆ ಎಷ್ಟು ಅಂಟಿತ್ತೆಂದರೆ ಮದುವೆಯೂಟದಲ್ಲಿ ನನ್ನ ಪಕ್ಕದ ಎಲೆ ಯಾವಾಗಲೂ ಖಾಲಿ. ಆ ಎಲೆಯ ಹೋಳಿಗೆಯನ್ನೂ ನಾನೇ ತಿನ್ನುತ್ತಿದ್ದೆ, ನಷ್ಟವೇನಿಲ್ಲ.

ಇಷ್ಟೆಲ್ಲ ವರ್ಷ ಗೂಡಿನ ಮಧ್ಯೆ ಬದುಕಿದವನು ನಾನು ಒಂದೇ ಒಂದು ಪತಂಗ ಹೊರಬರುವುದನ್ನು ನೋಡಿಲ್ಲ. ಪತಂಗ ಬಂದರೆ ಗೂಡು ತೂತು, ತೂತು ಗೂಡಿಗೆ ಬೆಲೆ ಇಲ್ಲ. ಅದಕ್ಕೇ ಅದು ಏಳುವ ಮೊದಲೇ ಬೇಯಿಸುತ್ತಿದ್ದೆವು. ಈಗ ಮೇಜಿನ ಮೇಲಿನ ಇದು ನನ್ನನ್ನು ನೋಡುವ ರೀತಿ ನೋಡಿದರೆ ಆ ಲೆಕ್ಕವೆಲ್ಲ ಅದಕ್ಕೆ ಗೊತ್ತಿರುವ ಹಾಗಿದೆ. ಇರಲಿ.

ದೊಡ್ಡ ದೊಡ್ಡ ಕಡೆ ತಾನೇ ತಾನಾಗಿ ನೂಲುವ ಮಿಷಿನ್ನುಗಳು ಬಂದ ಮೇಲೆ ನನ್ನ ಫ್ಯಾಕ್ಟರಿಗೆ ಬೀಗ ಹಾಕಿದೆ. ಅತ್ತು ಕರೆದು ಮಾಡಲಿಲ್ಲ. ಮುಳುಗುವ ದಂಧೆಯಿಂದ ಎದ್ದು ಬರುವುದೂ ಒಂದು ವ್ಯಾಪಾರವೇ. ನಮ್ಮ ಮನೆಗೆ ಅಂಟಿಕೊಂಡೇ ಇದ್ದ ಅದರ ಮುಂದಿನ ಕೋಣೆಯಲ್ಲಿ ಹಳೇ ಸಾಮಾನಿನ ಅಂಗಡಿ ತೆರೆದೆ. ಹೆಂಗಸರೆಲ್ಲ ಬೇರೆ ಬೇರೆ ಕೆಲಸ ಹಿಡಿದರು. ರಾಚಮ್ಮ ಒಬ್ಬಳು ಮಾತ್ರ ಫ್ಯಾಕ್ಟರಿಯ ಗೇಟಿನ ಕಟ್ಟೆಯ ಮೇಲೆ ಕೂತು ಹೂ ಕಟ್ಟಿ ಮಾರತೊಡಗಿದಳು. ನನಗಿಂತ ಹಿರಿಯಳು, ನಾನು ರಾಚಕ್ಕ ಎನ್ನುತ್ತೇನೆ. ಹನೂರಿನ ಕಡೆಯವಳು. ಉಗಿಯ ಪೈಪು ತಾಗಿ ಎಡಗೈಯ ಕಿರುಬೆರಳು ಸುಟ್ಟು ಸೆಟೆದು ಮಡಚದಂತಾದ ಮೇಲೂ ನನ್ನ ಹತ್ತಿರ ಇದ್ದವರಲ್ಲೆಲ್ಲ ಅವಳ ನೂಲಿಗೆ ಹೆಚ್ಚು ಬೆಲೆ ಸಿಗುತ್ತಿತ್ತು. ಈಗ ಆ ಬೆರಳು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿತ್ತು, ನೋಡುವವರ ಕಣ್ಣಿಗೆ ಗಂಟು ಬೀಳುವುದೇ ಕಾಣದಷ್ಟು ಚುರುಕಾಗಿ. ಅವಳ ಅನ್ನ ಅದು. ಮಗಳ ಮನೆಯಲ್ಲಿ ಕೈಯೊಡ್ಡದೆ ಇರಲು ಅವಳಿಗಿದ್ದದ್ದು ಆ ಎರಡು ಕೈ ಅಷ್ಟೇ.

ಹೀಗಿರುವಾಗ ಯಳಂದೂರಿನಿಂದ ಸಿಂಧು ಬಂದಳು. ವೆಲ್ಡಿಂಗ್ ಅಂಗಡಿಯವನ ಮಗಳು, ಡಿಪ್ಲೊಮಾ ಓದಿದ್ದಾಳೆ, ಅಪ್ಪನ ಅಂಗಡಿಯ ಹಿಂದೆಯೇ ಒಂದು ಶೆಡ್ಡು ಮಾಡಿಕೊಂಡು ವಿಚಿತ್ರ ಸಾಮಾನು ಮಾಡಿ ಮಾರುತ್ತಾಳೆ. ಗಡಿಯಾರದ ಚಕ್ರದ ಹೊಟ್ಟೆಯಿರುವ ಕಾಗೆ, ಪೈಪು ನಲ್ಲಿಗಳ ಟೇಬಲ್ ದೀಪ, ತಾಮ್ರದ ಕಟ್ಟಿನ ದಪ್ಪ ಕನ್ನಡಕ.

"ಕರೆಂಟು ಬರದೇನೇ ಇದ್ದಿದ್ರೆ, ಉಗಿ ಮೇಲೇ ಲೋಕ ಎಲ್ಲಾ ನಡೀತಾ ಇದ್ದಿದ್ರೆ ಎಂಗಿರೋದು ಹೇಳಿ ಅಂಕಲ್? ಅಂಥ ಲೋಕದ ಸಾಮಾನು ಇವು. ಸ್ಟೀಮ್‌ಪಂಕ್ ಅಂತಾರೆ" ಎಂದಳು.

"ಪಂಕ್ಚರ್ ಅಂಗಡಿಯವರ ನೆಂಟ್ರಾ?"

"ಎಲ್ರೂ ಇದೇ ಕೇಳ್ತಾರೆ, ನೀವಾದ್ರೂ ಬೇರೆ ಜೋಕ್ ಮಾಡಿ" ಎಂದು ನಕ್ಕಳು. ಬುದ್ಧಿವಂತೆ. ನಗುತ್ತಲೇ ಅವಳ ಕಣ್ಣು ನನ್ನ ಬಾಯ್ಲರಿನ ಪ್ರೆಶರ್ ಮೀಟರಿನ ಮೇಲೆ ಇತ್ತು.

ಅವಳ ಹತ್ತಿರ ಇನ್ನೊಂದು ಊರೂ ಇತ್ತು. ಕಂಪ್ಯೂಟರಿನೊಳಗೆ. ಕಣ್ಣಿಗೆ ಹೆಲ್ಮೆಟ್ಟಿನಂಥ ಒಂದು ಡಬ್ಬಿ ಕಟ್ಟಿಕೊಂಡರೆ ಆ ಊರಿನ ಬೀದಿಯಲ್ಲಿ ನಡೆದಾಡಬಹುದಂತೆ. ಉಗಿಪೇಟೆ ಎಂದು ಹೆಸರಿಟ್ಟಿದ್ದಳು. ಶೆಡ್ಡಿನಲ್ಲಿ ಏನು ಮಾಡುತ್ತಾಳೋ ಅದನ್ನೆಲ್ಲ ಆ ಊರಿನಲ್ಲೂ ಮಾಡಿಡುತ್ತಾಳೆ. ಎಲ್ಲೆಲ್ಲಿಯವರೋ ತಂತಮ್ಮ ಮನೆಯಲ್ಲೇ ಡಬ್ಬಿ ಕಟ್ಟಿಕೊಂಡು ಅಲ್ಲಿಗೆ ಬಂದು, ತಿರುಗಾಡಿ, ಟೋಪಿ ದೀಪ ಕೊಂಡು ಹೋಗುತ್ತಾರೆ. "ಆ ದೀಪದ ಹಿತ್ತಾಳೆ ತೂಕ ಎಷ್ಟು ಬತ್ತದೆ?" ಎಂದು ಕೇಳಿದೆ. "ತೂಕ ಇಲ್ಲ ಅಂಕಲ್" ಎಂದಳು. ತೂಕವಿಲ್ಲದ ಹಿತ್ತಾಳೆಯನ್ನು ದುಡ್ಡು ಕೊಟ್ಟು ಕೊಳ್ಳುವವರಿದ್ದಾರೆ ಎಂದು ತಿಳಿದ ದಿನ ನಾನು ಹುಟ್ಟಿದ್ದು ಸ್ವಲ್ಪ ಬೇಗವಾಯಿತು ಎನ್ನಿಸಿತು.

ಹಲ್ಲಿನ ಚಕ್ರ, ನಲ್ಲಿ, ಮೀಟರು ಎಲ್ಲಕ್ಕೂ ಸೇರಿ ಬೆಲೆ ಕುದುರಿತು. ಅವಳು ಕೊಟ್ಟಳು, ನಾನು ಎಣಿಸಿ ಒಳಗಿಟ್ಟೆ. ಆಮೇಲೂ ಹುಡುಗಿಯ ಎಡಗೈ ಚಕ್ರದ ರಾಶಿಯ ಮೇಲೆಯೇ ಇತ್ತು. ನನ್ನವ್ವನ ಕೈಯೇ ಅಲ್ಲಿ ಕೂತ ಹಾಗೆ!

"ಕೊಸರು ಅಂಕಲ್?"

ನಾನು ಸುತ್ತ ನೋಡಿದೆ. ಏನು ಕೊಟ್ಟರೂ ಒಂದಿಷ್ಟು ಹಿತ್ತಾಳೆ ಹೋಗುತ್ತದೆ. ಗೇಟಿನಲ್ಲಿ ರಾಚಕ್ಕ ಹೂ ಕಟ್ಟುತ್ತಿದ್ದಳು. "ನೂಲು ತೆಗೆಯೋದು ಎಂಗೆ ಅಂತ ನೋಡ್ಬೇಕು ಅಂತಿದ್ದೆಲ್ಲ, ತಕೊ, ನಮ್ಮ ರಾಚಕ್ಕನ ಕೈ. ಎಷ್ಟು ಬೇಕಾದ್ರೂ ತಕೊ" ಎಂದೆ. ನನ್ನ ಜೇಬಿನಿಂದ ಏನೂ ಹೋಗದ ಕೊಸರು. ಒಳಗೊಳಗೇ ಬೀಗಿದೆ.

ರಾಚಕ್ಕ ನಕ್ಕಳು. "ನನ್ ಕೈ ತಕಂಡು ಏನ್ ಮಾಡೀಯೆ ತಾಯಿ? ರೇಸನ್ ಅಂಗ್ಡಿ ಮಿಸಿನ್ನೇ ಬ್ಯಾಡ ಅಂತದೆ." ಅದು ನಿಜ. ಕಾದ ನೀರಲ್ಲಿ ನೆನೆದು ನೆನೆದು ಅವಳ ಬೆರಳಿನ ಗೆರೆಗಳೇ ಅಳಿಸಿಹೋಗಿದ್ದವು. ರೇಷನ್ ಅಂಗಡಿಯ ಮಿಷಿನ್ನಿನ ಮೇಲೆ ಎಷ್ಟು ಸಲ ಹೆಬ್ಬೆಟ್ಟು ಒತ್ತಿದರೂ ಕೂರುತ್ತಿರಲಿಲ್ಲ. ಪ್ರತಿ ತಿಂಗಳೂ ಮಗಳೇ ಬಂದು ಒತ್ತಬೇಕಾಗಿತ್ತು.

ಸಿಂಧುವಿನ ಡಬ್ಬಿಗೆ ಗೆರೆ ಬೇಕಾಗಿರಲಿಲ್ಲ. ಅದಕ್ಕೆ ಮುಂದುಗಡೆ ಪುಟ್ಟ ಪುಟ್ಟ ಕ್ಯಾಮೆರಾ ಕಣ್ಣುಗಳಿವೆ. ಕಟ್ಟಿಕೊಂಡವರ ಕೈ ಹೇಗೆ ಆಡುತ್ತದೋ ಅದನ್ನು ಹಾಗೆಯೇ ಹಿಡಿದಿಡುತ್ತದೆ. ರಾಚಕ್ಕನನ್ನು ಅವಳ ಹಳೇ ಸ್ಟೂಲಿನ ಮೇಲೆ, ಒಣಗಿದ ಬೇಸಿನ್ನಿನ ಮುಂದೆ ಕೂರಿಸಿ, ತಲೆಗೆ ಡಬ್ಬಿ ಕಟ್ಟಿದಳು. "ಅಜ್ಜಿ, ಬೇಸಿನ್ ಕಾಣ್ತಾ? ಗೂಡು ಕಾಣ್ತಾ? ಈಗ ಕೆಲಸ ಮಾಡಿ."

ಮಟಮಟ ಮಧ್ಯಾಹ್ನ. ತಗಡಿನ ಬೆಳಕಿಂಡಿಯಿಂದ ಬಿಸಿಲು ಬೀಳುತ್ತಿತ್ತು. ಮುಖವಿಲ್ಲದ ಒಬ್ಬ ಮುದುಕಿ ಗಾಳಿಯಲ್ಲಿ ಕೈಯಾಡಿಸತೊಡಗಿದಳು. ಎಡಗೈ ಇಲ್ಲದ ನೀರನ್ನು ಕೆದಕಿತು, ಇಲ್ಲದ ಗೂಡನ್ನು ಸವರಿತು. ಬಲಗೈ ಇಲ್ಲದ ಎಳೆಯನ್ನು ಹಿಡಿದು ಇಲ್ಲದ ರಾಟೆಗೆ ಎಸೆಯಿತು. ಬೀಗ ಹಾಕಿದ ದಿನದಿಂದ ಆ ಹಾಲಿನಲ್ಲಿ ಯಾರೂ ಮಾಡದಿದ್ದ ಕೆಲಸ. ಒಂದು ಗಳಿಗೆ ನನ್ನ ಮೂಗಿಗೆ ಹುಳು ಬೆಂದ ವಾಸನೆ ಬಂತು. ಹಳೇ ಗೋಡೆಯ ವಾಸನೆ ಇರಬೇಕು ಎಂದುಕೊಂಡೆ.

ಡಬ್ಬಿ ಬಿಚ್ಚಿದಾಗ ರಾಚಕ್ಕ ಸೆರಗಿಗೆ ಕೈ ಒರೆಸಿಕೊಂಡಳು. "ನೀರು ಬಲು ಕಾದಿತ್ತು ಕನ್ ಸಾ" ಎಂದಳು.

ಸಿಂಧು ನಕ್ಕಳು. ನಾನು ನಗಲಿಲ್ಲ. ಆ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು, ದಿನವಿಡೀ ಬೇಸಿನ್ನಿನಲ್ಲಿದ್ದ ಹಾಗೆ. ಹೂವಿಗೆ ನೀರು ಚಿಮುಕಿಸುತ್ತಾಳಲ್ಲ, ಅದಕ್ಕಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ವ್ಯಾಪಾರಿಗೆ ಸಮಾಧಾನ ಹೇಳಿಕೊಳ್ಳುವುದು ಬೇಗ ಬರುತ್ತದೆ.

ಅದಾದ ಮೇಲೆ ಅವಳ ಹೂವಿನ ಮಾಲೆ ಸಡಿಲವಾಗತೊಡಗಿತು. ಕೊಂಡವರು ಮನೆಗೆ ಹೋಗುವಷ್ಟರಲ್ಲಿ ಮಲ್ಲಿಗೆ ಉದುರುತ್ತಿತ್ತು. "ಏನಜ್ಜಿ, ಬಿಡಿ ಹೂವ ಕೊಟ್ರೆ ನಾವೇ ಕಟ್ಕೋತೀವಿ" ಎಂದು ಗಿರಾಕಿಗಳು ಹಂಗಿಸಿದರು, ಆಮೇಲೆ ಬೇರೆ ಕಡೆ ಹೋದರು. ಒಂದು ದಿನ ಮಧ್ಯಾಹ್ನ ನಾನೇ ಕಣ್ಣಾರೆ ನೋಡಿದೆ. ಕಟ್ಟೆಯ ಮೇಲೆ ಕೂತು ಮುದ್ದೆ ಉಣ್ಣುತ್ತಿದ್ದಳು. ತುತ್ತು ಮುರಿದ ಬಲಗೈ ಬಾಯಿಗೆ ಹೋಗುವ ಬದಲು ಮೇಲಕ್ಕೆದ್ದು ಏನನ್ನೋ ಎಸೆಯಿತು. ತುತ್ತು ಬಿದ್ದೇಹೋಯಿತು. ಎಡಗೈ ತಟ್ಟೆಯ ಸಾರಿನಲ್ಲಿ ಎಳೆಯ ತುದಿ ಹುಡುಕುತ್ತಿತ್ತು. ಅವಳು ಅದನ್ನು ನೋಡುತ್ತ ಕೂತಿದ್ದಳು, ಬೇರೆ ಯಾರೋ ತನ್ನ ತಟ್ಟೆಗೆ ಕೈಹಾಕಿದ್ದಾರೆ ಎಂಬಂತೆ.

"ಏನಾಯ್ತು ರಾಚಕ್ಕ?"

"ಅಲ್ಲಿ ಕರೀತಾರೆ ಸಾ. ಇವು ಕೆಲ್ಸಕ್ಕೆ ಓಯ್ತವೆ."

ಡಾಕ್ಟರಿಗೆ ತೋರಿಸಿದೆ. ವಯಸ್ಸು, ನರದ ದೌರ್ಬಲ್ಯ ಎಂದು ಮಾತ್ರೆ ಬರೆದರು. ಮಾತ್ರೆ ನುಂಗಿದಳು. ಕೈಗೆ ಅದು ತಿಳಿದಂತೆ ಕಾಣಲಿಲ್ಲ. ಬೆಳಗ್ಗೆ ಬಂದು ಬುಟ್ಟಿ ಮುಂದಿಟ್ಟುಕೊಂಡು, ಎರಡೂ ಕೈಯನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂರುತ್ತಿದ್ದಳು. "ದುಡ್ಡು ಕಾಸು ಬ್ಯಾಡ ಸಾ. ನನ್ ಕೈ ನನಗೆ ಕೊಡ್ಸಿ. ಮಗಳ ಮುಂದೆ ತಟ್ಟೆ ಇಡ್ಕೊಂಡು ಕೂರ್ನಾರೆ."

ನನ್ನ ಹೆಂಡತಿ ಗೌರಿ ಮಿತಭಾಷಿ. ಅಂದು ಮಾತ್ರ ಕಾಫಿ ಲೋಟ ಕುಕ್ಕಿದಳು. "ಕೊಸ್ರು ಕೊಡೋಕೆ ನಿಮ್ಗೆ ನಿಮ್ಮ ಕೈ ಇರ್ಲಿಲ್ವಾ? ಎರಡು ಅವೆಯಲ್ಲ, ಮೊಳದುದ್ದ!"

ಯಳಂದೂರಿಗೆ ಹೋದೆ. ಸಿಂಧುವಿಗೆ ಹೇಳಿದರೆ ಅವಳು ಗಾಬರಿಯಾದಳು, ಆದರೆ ನಂಬಲಿಲ್ಲ. "ಅಜ್ಜೀದು ಬರೀ ನೆರಳು ಹಿಡಿದಂಗೆ ಅಂಕಲ್. ಫೋಟೋ ತೆಗೆದ್ರೆ ಮುಖ ಹೋಗ್ತದಾ? ನೀವೇ ನೋಡಿ ಬನ್ನಿ" ಎಂದು ನನ್ನ ತಲೆಗೆ ಡಬ್ಬಿ ಕಟ್ಟಿದಳು.

ಉಗಿಪೇಟೆ ಚೆನ್ನಾಗಿದೆ, ಸುಳ್ಳು ಯಾಕೆ ಹೇಳಲಿ. ತಾಮ್ರದ ಬಣ್ಣದ ಆಕಾಶ. ಅಟ್ಟದೆತ್ತರದ ಹಲ್ಲಿನ ಚಕ್ರಗಳು ಮೆಲ್ಲಗೆ ತಿರುಗುತ್ತವೆ. ಮನೆಗಳಿಗೆಲ್ಲ ಚಿಮಣಿ, ಚಿಮಣಿಗೆಲ್ಲ ಬಿಳಿ ಉಗಿ. ಬೀದಿಯಲ್ಲಿ ಓಡಾಡುವವರಿಗೆ ತಲೆಯಿದೆ, ಟೋಪಿಯಿದೆ, ಕೈಯಿದೆ. ನಡುವೆ ಏನೂ ಇಲ್ಲ. ಕೆಳಗೆ ನೋಡಿಕೊಂಡರೆ ನನಗೂ ಹೊಟ್ಟೆ ಇರಲಿಲ್ಲ. ವೈದ್ಯರು ಎಷ್ಟು ವರ್ಷದಿಂದ ಇಳಿಸು ಎನ್ನುತ್ತಿದ್ದ ಹೊಟ್ಟೆ ಅದು. ಬೀದಿಯ ಕೊನೆಯಲ್ಲಿ ನನ್ನ ಫ್ಯಾಕ್ಟರಿ ನಿಂತಿತ್ತು. ಅದೇ ಬಿರುಕು, ಕ್ಯಾಲೆಂಡರ್ ಹಾಕುತ್ತಿದ್ದ ಅದೇ ಮೊಳೆ. ಒಳಗೆ ಬೇಸಿನ್ನುಗಳು ಹಬೆಯಾಡುತ್ತಿದ್ದವು, ರಾಟೆಗಳು ತಿರುಗುತ್ತಿದ್ದವು, ಸ್ಟೂಲುಗಳೆಲ್ಲ ಖಾಲಿ. ಕಿಟಕಿಯ ಪಕ್ಕದ ಬೇಸಿನ್ನಿನಲ್ಲಿ ಮಾತ್ರ ಎರಡು ಕೈ ನೂಲು ತೆಗೆಯುತ್ತಿದ್ದವು. ಮಣಿಕಟ್ಟಿನ ಆಚೆಗೆ ಏನಿಲ್ಲ. ಬಳೆಯಿಲ್ಲ. ಸುಟ್ಟು ಸೆಟೆದ ಎಡಗಿರುಬೆರಳು ಮಾತ್ರ ರಾಚಕ್ಕನದೇ. ಟೋಪಿಯವರು ಸುತ್ತ ನಿಂತು ನೋಡುತ್ತಿದ್ದರು.

"ರಾಚಕ್ಕ" ಎಂದೆ.

ಕೈಗಳು ನಿಂತವು. ಇಲ್ಲದ ಸೆರಗನ್ನು ಎಳೆದುಕೊಂಡು ಒರೆಸಿಕೊಂಡವು. ಸಾಹುಕಾರ ಬಂದು ಹಿಂದೆ ನಿಂತರೆ ಅವಳು ಯಾವಾಗಲೂ ಹಾಗೆಯೇ ಮಾಡುತ್ತಿದ್ದಳು. ಮತ್ತೆ ನೀರಿಗಿಳಿದವು.

ಡಬ್ಬಿ ಕಿತ್ತು ಕೆಳಗಿಟ್ಟೆ. "ಅಜ್ಜಿ ಕೊನೇಲಿ ಕೈ ಒರೆಸ್ಕೊಂಡ್ರಲ್ಲ ಅಂಕಲ್, ಅದೂ ಹಿಡಿದಿರಬೇಕು" ಎಂದಳು ಸಿಂಧು. ಹೇಳುವಾಗ ಅವಳ ಧ್ವನಿಯೂ ಸಣ್ಣದಾಗಿತ್ತು.

"ಅದನ್ನ ತೆಗೆದ್ಬುಡವ್ವ."

"ಜನ ಬರೋದೇ ಆ ಕೈ ನೋಡೋಕೆ. ಅದು ಹೋದ್ರೆ ನನ್ನ ಊರು ಖಾಲಿ ಅಂಕಲ್. ಎರಡು ವರ್ಷ ಕಣ್ಣು ಕಳ್ಕೊಂಡು ಕಟ್ಟಿದೀನಿ."

ಅವಳ ಮಾತಲ್ಲೂ ತಪ್ಪಿರಲಿಲ್ಲ. ಕೊಸರಿಗೆ ಕೊಟ್ಟದ್ದನ್ನು ವಾಪಸು ಕೇಳುವ ಬಾಯಿ ನನಗೂ ಹೊಸದು. ಬಾಯ್ಲರನ್ನೇ ಕೊಡುತ್ತೇನೆಂದೆ, ಬೇಡವೆಂದಳು. ಇಡೀ ಫ್ಯಾಕ್ಟರಿಯ ತಾಮ್ರದ ಪೈಪು ಎಂದೆ, ತಲೆಯಾಡಿಸಿದಳು. ಗೌರಿಯ ಮಾತು ನೆನಪಾಯಿತು. "ಕೈಗೆ ಕೈ" ಎಂದೆ.

"ನಿಮ್ಮ ಕೈಗೆ ಏನ್ ಬರ್ತದೆ ಅಂಕಲ್?"

ಹೆಗಲ ಮೇಲಿನ ಟವೆಲು ತೆಗೆದು ಅವಳ ಕೈಯ ಮೇಲೆ ಹೊದಿಸಿದೆ. ಎರಡು ಬೆರಳು ಹಿಡಿದೆ. ಕೊಡವುವುದನ್ನು ಹೇಳಿಕೊಟ್ಟೆ. ಮುಖ ಬೇರೆ ಕಡೆ ತಿರುಗಿಸಬೇಕೆಂದೆ. ಐದೂ ಹಿಡಿದರೆ ಹಿಂದೆ ಸರಿಯುವಂತಿಲ್ಲ ಎಂಬುದನ್ನೂ ಹೇಳಿದೆ. ನೋಡನೋಡುತ್ತ ಹುಡುಗಿಯ ಕಣ್ಣು ಹೊಳೆಯಿತು. ಉಗಿಪೇಟೆಯ ಹೆಬ್ಬಾಗಿಲಲ್ಲೇ, ಟವೆಲು ಹೊದ್ದ ಒಂದು ಜೊತೆ ಕೈ! ಯಾರು ಬೇಕಾದರೂ ಬಂದು ಒಳಗೆ ಕೈಯಿಟ್ಟು ಕುದುರಿಸಬಹುದು! ಒಪ್ಪಿದಳು. ನಾನು ಡಬ್ಬಿ ಕಟ್ಟಿಕೊಂಡು ಕೂತೆ, ಅವಳು ಎದುರು ಕೂತು ಬೆರಳು ಕೊಟ್ಟಳು. ಬಹಳ ಹೊತ್ತು ಕೊಡವಿದೆ, ಹಿಡಿದೆ, ಕೊಡವಿದೆ. ಏನನ್ನು ಮಾರುತ್ತಿದ್ದೇನೆಂದು ಅವಳೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ. ಅವಳು ಮಾತು ಉಳಿಸಿಕೊಂಡಳು, ಡಬ್ಬಿಯೊಳಗೆ ನನ್ನ ಕಣ್ಣೆದುರಿಗೇ ಕಿಟಕಿಯ ಪಕ್ಕದ ಬೇಸಿನ್ನು ಖಾಲಿಯಾಯಿತು. ನೀರು ಮಾತ್ರ ಇನ್ನೂ ಸ್ವಲ್ಪ ಅಲುಗುತ್ತಿತ್ತು.

ಏಳುವಾಗ ಅಭ್ಯಾಸಬಲ, ನನ್ನ ಎಡಗೈ ಅವಳ ಶೆಲ್ಫಿನ ಮೇಲಿತ್ತು. "ಕೊಸರು?" ಎಂದೆ. ಅವಳು ನಕ್ಕು ಈ ಪತಂಗ ಕೊಟ್ಟಳು. ನನ್ನದೇ ರಾಟೆಯ ಚಕ್ರದ ಮೈ, ನನ್ನದೇ ಮೀಟರಿನ ಮುಳ್ಳಿನ ಮೀಸೆ. ಬೆನ್ನಿಗೊಂದು ಕೀಲಿ, ತಿರುಗಿಸಿದರೆ ರೆಕ್ಕೆ ಬಿಚ್ಚುತ್ತದೆ.

ಕೊಳ್ಳೇಗಾಲಕ್ಕೆ ಬಂದು ಇಳಿದಾಗ ರಾಚಕ್ಕ ಹೂ ಕಟ್ಟುತ್ತಿದ್ದಳು. ಹಿಂದಿಗಿಂತ ಚುರುಕು. ನನ್ನನ್ನು ಕಂಡು ಎದ್ದು ನಿಂತು ಎರಡೂ ಕೈ ಎತ್ತಿ ಮುಗಿದಳು. ಮಾಲೆ ಬಿಗಿಯಾಯಿತು, ಗಿರಾಕಿಗಳು ಮರಳಿದರು. ನನ್ನ ಎದೆ ಹಗುರವಾಯಿತು. ಒಂದು ವಿಷಯ ಬಿಟ್ಟರೆ. ಮುಂದಿನ ಸಲ ರೇಷನ್ ಅಂಗಡಿಗೆ ಹೋದವಳು ಅಕ್ಕಿ ಚೀಲ ಹೊತ್ತುಕೊಂಡು ನೇರ ನನ್ನ ಅಂಗಡಿಗೇ ಬಂದಳು. ಮುಖ ಪೆಚ್ಚಾಗಿತ್ತು.

"ಎಬ್ಬೆಟ್ಟು ಕೂತ್ಕತು ಸಾ. ಒಂದೇ ಸಲಕ್ಕೆ."

"ಒಳ್ಳೇದೇ ಆಯ್ತಲ್ಲ ರಾಚಕ್ಕ!"

"ಒಳ್ಳೇದೇಯ." ಬೆರಳುಗಳನ್ನು ಬೆಳಕಿಗೆ ಹಿಡಿದು ನೋಡಿಕೊಂಡಳು. ಅಳಿಸಿಹೋಗಿದ್ದ ಗೆರೆಗಳೆಲ್ಲ ಮತ್ತೆ ಎದ್ದಿದ್ದವು. "ಕೈಯೇನೋ ಬಂತು ಸಾ. ನಂದೇ ಅಂತ ಎಂಗೆ ಯೋಳದು?"

ಈಗಲೂ ಅವಳು ಚೆನ್ನಾಗಿಯೇ ಕಟ್ಟುತ್ತಾಳೆ, ಚೆನ್ನಾಗಿಯೇ ಉಣ್ಣುತ್ತಾಳೆ. ಎಡಗಿರುಬೆರಳು ಮಡಚುತ್ತದೋ ಇಲ್ಲವೋ ಎಂದು ನಾನು ನೋಡಲು ಹೋಗಿಲ್ಲ. ಕೊಂಡ ಮೇಲೆ ಮಾಲಿನ ಹುಳುಕು ಹುಡುಕಬಾರದು.

ನನ್ನ ವಿಷಯಕ್ಕೆ ಬರುತ್ತೇನೆ. ನಾಲ್ಕು ದಿನದ ಹಿಂದೆ ಸಂತೆಯಲ್ಲಿ ಬದನೆಕಾಯಿಯವಳು ಹೇಳಿದ ಬೆಲೆಯನ್ನು ಹೇಳಿದಂತೆಯೇ ಕೊಟ್ಟುಬಿಟ್ಟೆ. ಕೊಸರನ್ನೂ ಕೇಳಲಿಲ್ಲ. ಅವಳೇ ಹೆದರಿ, "ಉಸಾರಿಲ್ವಾ ಸಾ?" ಎಂದು ಎರಡು ಕಾಯಿ ಹೆಚ್ಚಿಗೆ ಹಾಕಿದಳು. ಚೌಕಾಸಿಯ ಮಾತೆಲ್ಲ ನಾಲಿಗೆಯ ಮೇಲೆ ಇತ್ತು, ಆದರೆ ರಾಶಿಯ ಮೇಲೆ ಇಡಲು ಕೈಯೇ ಏಳಲಿಲ್ಲ. ಅದಕ್ಕೆ ಬೇರೆ ಎಲ್ಲೋ ಕೆಲಸವಿದ್ದ ಹಾಗಿತ್ತು.

ಅದರ ಮಾರನೆಯ ದಿನ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದೆ. ಬಿಸಿಲು ಚೆನ್ನಾಗಿತ್ತು, ಬೀದಿಯಲ್ಲಿ ಜನ ಓಡಾಡುತ್ತಿದ್ದರು. ತೊಡೆಯ ಮೇಲೆ ಸುಮ್ಮನೆ ಇಟ್ಟಿದ್ದ ಬಲಗೈಯ ಎರಡು ಬೆರಳನ್ನು ಯಾರೋ ಹಿಡಿದರು. ತಣ್ಣಗಿನ, ಗಟ್ಟಿ ಹಿಡಿತ. ಅಂಥ ಹಿಡಿತವನ್ನು ನಾನು ಸಾವಿರ ಸಲ ಹಿಡಿದಿದ್ದೇನೆ, ನನಗೆ ತಪ್ಪುವುದಿಲ್ಲ. ಎರಡಕ್ಕೆ ಕೇಳುತ್ತಿದ್ದಾರೆ. ಕೊಡವಿದೆ. ಎಡಗೈಯಲ್ಲಿದ್ದ ಕಾಫಿ ಚೆಲ್ಲಿತು. "ಏನೂಂದ್ರೆ, ನೊಣಾನಾ?" ಎಂದಳು ಗೌರಿ ಒಳಗಿನಿಂದ. ಹೌದು ಎಂದೆ. ಒಳಗೆ ಬಂದು ನೋಡಿದರೆ ಮೇಜಿನ ಮೇಲಿನ ಪತಂಗದ ರೆಕ್ಕೆ ಅರ್ಧ ಬಿಚ್ಚಿತ್ತು. ಅದರ ಕೀಲಿಯನ್ನು ನಾನು ಇವತ್ತಿನವರೆಗೂ ತಿರುಗಿಸಿಲ್ಲ.

ಮರುದಿನ ಸಿಂಧುವಿಗೆ ಫೋನ್ ಮಾಡಿದೆ. ಹುಡುಗಿ ಹಿಗ್ಗಿಹೋಗಿದ್ದಳು. "ಹೆಬ್ಬಾಗಿಲಲ್ಲಿ ಕ್ಯೂ ಅಂಕಲ್! ಯಾರು ಹಿಡಿದ್ರೂ ನಿಮ್ಮ ಕೈ ಕೊಡವ್ತದೆ, ಅದಕ್ಕೇ ಹಟ ಹಿಡಿದು ಬರ್ತಾರೆ. ಒಬ್ಬರಂತೂ ದಿನಾ ಬರ್ತಾರೆ. ಟೋಪಿ ಇಲ್ಲ, ಮುಖ ಇಲ್ಲ, ಬರೀ ಕೈ. ದಿನಾ ಒಂದೊಂದು ಬೆರಳು ಜಾಸ್ತಿ ಹಿಡೀತಾರೆ."

"ನಾನು ಅಲ್ಲಿ ಏನು ಮಾರ್ತಾ ಇದೀನಿ ಸಿಂಧು?"

"ಅದನ್ನ ನಾವು ಇಡಲೇ ಇಲ್ವಲ್ಲ ಅಂಕಲ್."

"ತೆಗೆದ್ಬುಡು ಅಂದ್ರೆ?"

"ತೆಗೀತೀನಿ. ಬದಲಿಗೆ ಯಾರ ಕೈ ಇಡ್ಲಿ ಹೇಳಿ."

ಅಲ್ಲಿಗೆ ಫೋನ್ ಇಟ್ಟೆ. ಜಗಲಿಯಲ್ಲಿ ಗೌರಿ ಅವರೆಕಾಳು ಬಿಡಿಸುತ್ತಿದ್ದಳು, ಗೇಟಿನಲ್ಲಿ ರಾಚಕ್ಕ ಹೂ ಕಟ್ಟುತ್ತಿದ್ದಳು. ಯಾರ ಕೈ ಅಂತ ಹೇಳಲಿ? ಅಂದು ಮೂರು ಬೆರಳು. ನಿನ್ನೆ, ಅಂಗಡಿಯಲ್ಲಿ ಗಿರಾಕಿಯ ಮುಂದೆಯೇ, ನಾಲ್ಕು.

ಆದ್ದರಿಂದ ನಿಮಗೆ ನಾಲ್ಕು ಮಾತು. ಕೇಳಿ, ಪುಕ್ಕಟೆಯದು. ನನ್ನವ್ವ ಹೇಳಿದ್ದು ತಪ್ಪು, ಕೊಸರನ್ನೇ ಮೊದಲು ತೂಗಬೇಕು. ಜೇಬಿನಿಂದ ಏನೂ ಹೋಗದ ಕೊಸರು ಬೇರೆ ಯಾರದೋ ಜೇಬಿನಿಂದ ಹೋಗುತ್ತಿರುತ್ತದೆ. ಇಂಥ ಹಿತ್ತಾಳೆ ಸಾಮಾನು ಕೊಳ್ಳುವ ಆಸೆಯಿದ್ದರೆ ಧಾರಾಳವಾಗಿ ಕೊಳ್ಳಿ, ಹುಡುಗಿ ಒಳ್ಳೆಯ ಕೆಲಸಗಾರ್ತಿ, ನನ್ನ ಹೆಸರು ಹೇಳಿದರೆ ಬೆಲೆಯಲ್ಲಿ ಸ್ವಲ್ಪ ಬಿಡುತ್ತಾಳೆ. ಆದರೆ ತೂಕವಿರುವುದನ್ನು ಮಾತ್ರ ಕೊಳ್ಳಿ. ಕೀಲಿಯಿರುವ ಗೊಂಬೆಯಾದರೆ ಕೀಲಿಯನ್ನು ಕಿತ್ತು ಬೇರೆ ಕಡೆ ಇಡಿ. ಕಣ್ಣಿಗೆ ಡಬ್ಬಿ ಕಟ್ಟಿಕೊಳ್ಳುವ ಪ್ರಸಂಗ ಬಂದರೆ ಕೈ ಕಟ್ಟಿ ನಿಂತು ನೋಡಿ, ನೋಡುವುದಕ್ಕೆ ಕಣ್ಣು ಸಾಕು. ಮನೆಯಲ್ಲಿ ಹೆಂಗಸರು ಲೋಟ ಕುಕ್ಕಿ ಏನಾದರೂ ಹೇಳಿದರೆ ವ್ಯಾಪಾರಕ್ಕೆ ಮುಂಚೆಯೇ ಕೇಳಿಸಿಕೊಳ್ಳಿ. ಆಮೇಲೆ ಕೇಳಿಸಿಕೊಂಡರೆ ಬೆಲೆ ಹೆಚ್ಚು.

ಇಷ್ಟೆಲ್ಲ ಎಚ್ಚರದ ಮೇಲೂ, ಸುಮ್ಮನೆ ಕೂತಿದ್ದಾಗ ಯಾರಾದರೂ ನಿಮ್ಮ ಬೆರಳು ಹಿಡಿದರೆ ಹೆದರಬೇಡಿ. ಮುಖವನ್ನು ಬೇವಿನ ಮರದ ಕಡೆ ತಿರುಗಿಸಿ, ಏನೂ ಆಗದವರಂತೆ ಇರಿ, ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಚಿ ಬಿಗಿಯಾಗಿ ಇಟ್ಟುಕೊಳ್ಳಿ. ನಾಲ್ಕು ಹಿಡಿದರೂ ಕೊಡವಬಹುದು. ಐದು ಸಿಗದ ಹೊರತು ವ್ಯಾಪಾರ ಕುದುರುವುದಿಲ್ಲ. ಮೊದಮೊದಲು ಕಷ್ಟ, ಆಮೇಲೆ ಹಾಗೆಯೇ ಉಣ್ಣಬಹುದು, ಗುಂಡಿ ಹಾಕಿಕೊಳ್ಳಬಹುದು, ಬರೆಯಲೂಬಹುದು. ಅಕ್ಷರಗಳು ಮಾತ್ರ ಸ್ವಲ್ಪ ಸೊಟ್ಟಗಾಗುತ್ತವೆ. ಇದನ್ನು ಅಚ್ಚಿಗೆ ಜೋಡಿಸುವವರು ನನ್ನ ಬರವಣಿಗೆ ಓದಲು ಪಡುವ ಪಾಡಿಗೆ ಈಗಲೇ ಕ್ಷಮೆ ಕೇಳಿಬಿಡುತ್ತೇನೆ.